ಕೆಟ್ಟುನಿಂತ ವಿಡಿಯೋ ಗೇಮ್ ಯಂತ್ರಗಳು: ದುರಸ್ತಿ, ಗ್ರಾಹಕರ ಹಕ್ಕು ಮತ್ತು ವಿಲೇವಾರಿ

ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನ ಸಾರ್ವಜನಿಕರ ಮಾಹಿತಿಗಾಗಿ

ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರವು ಮೂಲತಃ ಒಂದು ಗಣಕಯಂತ್ರವೇ ಆಗಿರುತ್ತದೆ. ಕನ್ಸೋಲ್ ಎಂದು ಕರೆಯಲ್ಪಡುವ ಈ ಯಂತ್ರದೊಳಗೆ ಪ್ರೊಸೆಸರ್, ವಿದ್ಯುತ್ ಪೂರೈಕೆಯ ಘಟಕ, ಫ್ಯಾನು, ಮಾಹಿತಿ ಸಂಗ್ರಹಣೆಯ ಡಿಸ್ಕು ಮುಂತಾದ ಭಾಗಗಳಿದ್ದು, ಇವುಗಳಲ್ಲಿ ಯಾವುದೊಂದು ಕೆಟ್ಟರೂ ಇಡೀ ಯಂತ್ರವು ನಿಂತುಹೋಗುತ್ತದೆ. 2021ರ ಫೆಬ್ರವರಿ 2ರಂದು ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದಾಗ ಡಿಸ್ಕ್ ಡ್ರೈವ್ ಸಹಿತವಾದ ಮಾದರಿಯ ಬೆಲೆ 49,990 ರೂಪಾಯಿಗಳಾಗಿತ್ತು. ಇಷ್ಟು ಮೊತ್ತವನ್ನು ತೆತ್ತು ತಂದ ವಸ್ತುವು ಎರಡು ಬೇಸಿಗೆ ಕಳೆಯುವುದರೊಳಗೆ ಕೆಟ್ಟಲ್ಲಿ, ಅದನ್ನು ದುರಸ್ತಿ ಮಾಡಿಸಬೇಕೇ, ಮಾರಾಟಗಾರರನ್ನು ಕೇಳಬೇಕೇ ಅಥವಾ ಗುಜರಿಗೆ ಹಾಕಬೇಕೇ ಎಂಬ ಪ್ರಶ್ನೆ ಏಳುತ್ತದೆ. ಈ ಮೂರೂ ವಿಷಯಗಳ ಬಗ್ಗೆ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಯಂತ್ರವು ಕೆಡುವ ಬಗೆ

ಈ ಭಾಗದಲ್ಲಿ ಯಂತ್ರಗಳ ಮೊದಲ ಶತ್ರು ಬಿಸಿಲು. ಪ್ಲೇಸ್ಟೇಷನ್ ಯಂತ್ರಗಳ ಕೈಪಿಡಿಯಲ್ಲಿ ಅವುಗಳನ್ನು 5 ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಪರಿಸರದಲ್ಲಿ ಬಳಸತಕ್ಕದ್ದೆಂದು ಸೂಚಿಸಲಾಗಿದೆ. ಕಲಬುರಗಿಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿಯನ್ನು ದಾಟುವುದು ಸಾಮಾನ್ಯವಾಗಿರುವುದರಿಂದ, ಮಧ್ಯಾಹ್ನದ ವೇಳೆ ತಗಡಿನ ಅಥವಾ ಆರ್‌ಸಿಸಿ ಛಾವಣಿಯ ಕೆಳಗೆ ಈ ಯಂತ್ರವನ್ನು ಚಾಲನೆ ಮಾಡುವುದೆಂದರೆ ತಯಾರಕರು ನಿಗದಿಪಡಿಸಿದ ಮಿತಿಯ ಹೊರಗೆ ಬಳಸಿದಂತೆಯೇ ಸರಿ. ಶಾಲೆಗಳಿಗೆ ರಜೆ ಇರುವುದೂ, ಮಕ್ಕಳು ದಿನವಿಡೀ ಆಡುವುದೂ ಇದೇ ತಿಂಗಳುಗಳಲ್ಲಿ ಎಂಬುದನ್ನು ಪಾಲಕರು ಗಮನಿಸಬೇಕು.

ವಿದ್ಯುತ್ ಪೂರೈಕೆಯ ಘಟಕದಲ್ಲಿ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಗಳಿರುತ್ತವೆ. ಇವುಗಳ ಒಳಗಿನ ದ್ರಾವಣವು ಶಾಖಕ್ಕೆ ನಿಧಾನವಾಗಿ ಒಣಗುತ್ತದೆ. ಉಷ್ಣಾಂಶವು ಪ್ರತಿ 10 ಡಿಗ್ರಿಯಷ್ಟು ಹೆಚ್ಚಿದಂತೆ ಇಂತಹ ಕೆಪಾಸಿಟರ್‌ಗಳ ಬಾಳಿಕೆಯು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರು ಬಳಸುವ ಅಂದಾಜು ಸೂತ್ರವಾಗಿದೆ. ಯಂತ್ರವನ್ನು ಗಾಜಿನ ಬಾಗಿಲಿನ ಶೋಕೇಸ್‌ನೊಳಗೆ ಇಟ್ಟು, ಮೇಲೊಂದು ಕಸೂತಿ ಬಟ್ಟೆ ಹೊದಿಸುವ ರೂಢಿಯು ನೋಟಕ್ಕೆ ಚೆನ್ನಾಗಿ ಕಂಡರೂ ಯಂತ್ರದ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಹಿಂಬದಿಯಲ್ಲಿ ಹಾಗೂ ಇಕ್ಕೆಲಗಳಲ್ಲಿ ಕನಿಷ್ಠ ಒಂದು ಗೇಣಿನಷ್ಟು ತೆರವು ಇರುವಂತೆ ನೋಡಿಕೊಳ್ಳುವುದು ಸೂಕ್ತ.

ಎರಡನೆಯದು ಧೂಳು. ಈ ಸೀಮೆಯ ಕಪ್ಪು ಮಣ್ಣಿನ ನಯವಾದ ಧೂಳು ಗಾಳಿಕಿಂಡಿಯ ಮೂಲಕ ಒಳಸೇರಿ, ಶಾಖವನ್ನು ಹೊರಹಾಕುವ ಲೋಹದ ಎಲೆಗಳ ನಡುವೆ ಹತ್ತಿಯಂತೆ ಗಟ್ಟಿಯಾಗಿ ಕೂರುತ್ತದೆ. ಆಗ ಫ್ಯಾನು ಜೋರಾಗಿ ಸದ್ದು ಮಾಡತೊಡಗುತ್ತದೆ, ಕೆಲವು ನಿಮಿಷಗಳಲ್ಲಿ ಯಂತ್ರವು ತಾನಾಗಿಯೇ ಆರಿಹೋಗುತ್ತದೆ. ಇದನ್ನು ಕಂಡು ಅನೇಕರು ಯಂತ್ರವೇ ಹಾಳಾಯಿತೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ತನ್ನನ್ನು ತಾನು ರಕ್ಷಿಸಿಕೊಳ್ಳುವ ವ್ಯವಸ್ಥೆಯಾಗಿದ್ದು, ಒಳಭಾಗವನ್ನು ಶುಚಿಗೊಳಿಸಿ, ಪ್ರೊಸೆಸರ್ ಮೇಲಿನ ಒಣಗಿದ ಶಾಖವಾಹಕ ಲೇಪವನ್ನು ಬದಲಿಸಿದರೆ ಬಹುತೇಕ ಸರಿಹೋಗುತ್ತದೆ. ಆದರೆ ಪ್ಲೇಸ್ಟೇಷನ್ 5ರಲ್ಲಿ ಸಾಮಾನ್ಯ ಲೇಪದ ಬದಲು ದ್ರವಲೋಹವನ್ನು ಬಳಸಲಾಗಿದೆ. ಇದು ವಿದ್ಯುತ್ ವಾಹಕವಾದುದರಿಂದ ಒಂದು ಹನಿ ಚೆಲ್ಲಿದರೂ ಮದರ್‌ಬೋರ್ಡ್ ಸುಟ್ಟುಹೋಗಬಹುದು. ಅದನ್ನು ಬಿಚ್ಚಿದ ಅನುಭವವಿಲ್ಲದ ಅಂಗಡಿಗೆ ಕೊಡದಿರುವುದೇ ಲೇಸು.

ಬಿಸಿಯಾಗುವುದು, ತಣ್ಣಗಾಗುವುದು ಮತ್ತೆ ಮತ್ತೆ ನಡೆದಾಗ ಚಿಪ್ಪಿನ ಅಡಿಯಲ್ಲಿರುವ ಬೆಸುಗೆಯು ಬಿರುಕು ಬಿಡುತ್ತದೆ. ಇದಕ್ಕೆ ಜಗತ್ತಿನಾದ್ಯಂತ ಹೆಸರಾದ ನಿದರ್ಶನವೆಂದರೆ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ 360. 2005ರಲ್ಲಿ ಬಿಡುಗಡೆಯಾಗಿ 2006ರಲ್ಲಿ ಭಾರತಕ್ಕೆ ಬಂದ ಈ ಯಂತ್ರದಲ್ಲಿ ಮೂರು ಕೆಂಪು ದೀಪಗಳು ಹೊತ್ತಿ ಯಂತ್ರ ನಿಂತುಹೋಗುವ ದೋಷವು ವ್ಯಾಪಕವಾಗಿ ಕಂಡುಬಂದಾಗ, ಸದರಿ ಸಂಸ್ಥೆಯು 2007ರ ಜುಲೈ ತಿಂಗಳಿನಲ್ಲಿ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಗಳಿಗೆ ವಿಸ್ತರಿಸಿ, ಅದರ ವೆಚ್ಚಕ್ಕಾಗಿ 100 ಕೋಟಿ ಡಾಲರ್‌ಗಳಿಗೂ ಮೀರಿದ ಮೊತ್ತವನ್ನು ತನ್ನ ಲೆಕ್ಕಪತ್ರಗಳಲ್ಲಿ ತೋರಿಸಬೇಕಾಯಿತು. ತಯಾರಿಕೆಯ ದೋಷವನ್ನು ಗ್ರಾಹಕರ ಬಳಕೆಯ ತಪ್ಪೆಂದು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಬಿಸಿಗಾಳಿ ಬಿಟ್ಟು ಇಂತಹ ಬೆಸುಗೆಯನ್ನು ಕೂಡಿಸುವ ದುರಸ್ತಿಯು ಕೆಲವು ವಾರಗಳ ಮಟ್ಟಿಗಷ್ಟೇ ನಿಲ್ಲುವುದುಂಟು. ಅದಕ್ಕೆ ದೊಡ್ಡ ಮೊತ್ತವನ್ನು ತೆರುವುದು ಹಣ ಚೆಲ್ಲಿದಂತೆ.

ಹೆಚ್ಚಾಗಿ ಸವೆಯುವ ಭಾಗವೆಂದರೆ ಕೈಯಲ್ಲಿ ಹಿಡಿಯುವ ಕಂಟ್ರೋಲರ್. ಅದರ ಹಿಡಿಕೋಲಿನ ಬುಡದಲ್ಲಿರುವ ಇಂಗಾಲದ ಪಟ್ಟಿಯು ಉಜ್ಜಿ ಉಜ್ಜಿ ಸವೆದಾಗ, ಕೋಲನ್ನು ಮುಟ್ಟದಿದ್ದರೂ ಪರದೆಯ ಮೇಲಿನ ಆಟಗಾರನು ಒಂದು ಪಕ್ಕಕ್ಕೆ ಸರಿಯುತ್ತಲೇ ಇರುತ್ತಾನೆ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಯಂತ್ರದಲ್ಲಿ ಈ ದೋಷವು ಹಲವು ದೇಶಗಳಲ್ಲಿ ದೊಡ್ಡ ವಿವಾದಕ್ಕೆ ಕಾರಣವಾಯಿತು. ಈ ಬಿಡಿಭಾಗವು ಅಗ್ಗವಾಗಿದ್ದು, ಬೆಸುಗೆ ಬಲ್ಲ ಮೊಬೈಲ್ ದುರಸ್ತಿಗಾರರು ಬದಲಿಸಿಕೊಡಬಲ್ಲರು. ಹಾಗೆಯೇ ತಂತಿಯನ್ನು ಎಳೆದಾಡುವುದರಿಂದ ಮುರಿಯುವ ಎಚ್‌ಡಿಎಂಐ ಕಿಂಡಿಯ ದುರಸ್ತಿಯೂ ಸಾಧ್ಯ. ಪರದೆಯ ಮೇಲೆ ಏನೂ ಮೂಡದಿದ್ದಲ್ಲಿ ಮೊದಲು ಬೇರೆ ತಂತಿ ಹಾಗೂ ಬೇರೆ ಟಿ.ವಿ.ಯೊಂದಿಗೆ ಪರೀಕ್ಷಿಸಿ ನೋಡತಕ್ಕದ್ದು.

ವಿದ್ಯುತ್ತಿನ ಏರಿಳಿತದ ಬಗ್ಗೆಯೂ ಹೇಳಬೇಕು. ಈಗಿನ ಯಂತ್ರಗಳು ಕಡಿಮೆ ವೋಲ್ಟೇಜನ್ನು ಸಾಕಷ್ಟು ತಡೆದುಕೊಳ್ಳುತ್ತವೆ. ವಿದ್ಯುತ್ ಹೋಗಿ ಮರಳಿ ಬರುವ ಕ್ಷಣದ ಆಘಾತ ಮತ್ತು ಮುಂಗಾರಿನ ಆರಂಭದ ಗುಡುಗು ಸಿಡಿಲುಗಳೇ ಹೆಚ್ಚು ಅಪಾಯಕಾರಿ. ವಿದ್ಯುತ್ ಹೋದಾಗ ಪ್ಲಗ್ಗನ್ನು ತೆಗೆದಿಟ್ಟು, ಬಂದು ಐದು ನಿಮಿಷಗಳಾದ ಮೇಲೆ ಹಾಕುವುದು ಖರ್ಚಿಲ್ಲದ ಉಪಾಯ. ಪದೇ ಪದೇ ವೋಲ್ಟೇಜ್ ಏರುಪೇರಾಗುತ್ತಿದ್ದಲ್ಲಿ ಜೆಸ್ಕಾಂನ 1912 ಸಂಖ್ಯೆಗೆ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅಮೆರಿಕದಿಂದ ಸಂಬಂಧಿಕರು ತಂದುಕೊಟ್ಟ ಹಳೆಯ ಯಂತ್ರಗಳ ಅಡಾಪ್ಟರ್ ಕೆಲವೊಮ್ಮೆ 110-120 ವೋಲ್ಟ್‌ಗಳಿಗೆ ಮಾತ್ರ ಹೊಂದುವಂತಿದ್ದು, ಇಲ್ಲಿನ ಗೋಡೆಯ ಸಾಕೆಟ್‌ಗೆ ಹಾಕಿದೊಡನೆ ಸುಟ್ಟುಹೋಗುತ್ತದೆ. ಕೊಲ್ಲಿ ರಾಷ್ಟ್ರಗಳಿಂದ ಬಂದವುಗಳಿಗೆ ಈ ತೊಂದರೆ ಇಲ್ಲವಾದರೂ, ಚೌಕಾಕಾರದ ಪಿನ್ನುಗಳನ್ನು ಸಡಿಲ ಕನ್ವರ್ಟರ್‌ಗೆ ಸಿಕ್ಕಿಸುವುದರಿಂದ ಕಿಡಿ ಹಾರುತ್ತದೆ.

1990ರ ದಶಕದಲ್ಲಿ ಮನೆಮನೆಗೆ ಬಂದಿದ್ದ, ಕ್ಯಾಸೆಟ್ ಹಾಕಿ ಆಡುವ ಟಿ.ವಿ. ಗೇಮ್‌ಗಳಲ್ಲಿ ಬಹುಪಾಲು 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಫ್ಯಾಮಿಕಾಮ್ ಯಂತ್ರದ ನಕಲುಗಳಾಗಿದ್ದವು. ಅಟ್ಟದ ಮೇಲಿಂದ ಅವುಗಳನ್ನು ಇಳಿಸಿ ನೋಡುವವರು ಇಂದಿಗೂ ಇದ್ದಾರೆ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದುವ ಹಳೆಯ ಅಭ್ಯಾಸವನ್ನು ಬಿಡುವುದು ಒಳಿತು. ಉಸಿರಿನ ತೇವದಿಂದ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು.

ದುರಸ್ತಿಯೋ ಹೊಸತೋ ಎಂಬ ಲೆಕ್ಕ

ವ್ಯಾಪಾರದ ಲೆಕ್ಕಪತ್ರಗಳಲ್ಲಿ ಸವಕಳಿ ಎಂಬ ಬಾಬ್ತು ಇರುತ್ತದೆ. ಮನೆಯ ವಸ್ತುವಿಗೂ ಇದೇ ಲೆಕ್ಕವನ್ನು ಅನ್ವಯಿಸಿದಲ್ಲಿ ನಿರ್ಧಾರ ಸುಲಭವಾಗುತ್ತದೆ. ಉದಾಹರಣೆಗೆ, 40,000 ರೂಪಾಯಿಗಳಿಗೆ ಕೊಂಡ ಯಂತ್ರವು ಐದು ವರ್ಷ ಬಾಳಿಕೆ ಬರುವುದೆಂದೂ, ಕೊನೆಗೆ 5,000 ರೂಪಾಯಿಗಳಿಗೆ ಮಾರಾಟವಾಗುವುದೆಂದೂ ಭಾವಿಸೋಣ. ಆಗ ವರ್ಷವೊಂದಕ್ಕೆ ತಗಲುವ ನಿಜವಾದ ವೆಚ್ಚ 7,000 ರೂಪಾಯಿ. ಮೂರನೆಯ ವರ್ಷದ ಅಂತ್ಯಕ್ಕೆ ಅದು ಕೆಟ್ಟಿತು. ಇದ್ದ ಸ್ಥಿತಿಯಲ್ಲಿಯೇ ಮಾರಿದರೆ 4,000 ರೂಪಾಯಿ ಬರುತ್ತದೆ. ದುರಸ್ತಿಗೆ 6,000 ರೂಪಾಯಿ ಕೇಳುತ್ತಾರೆ ಎನ್ನೋಣ. ದುರಸ್ತಿಯಾದ ಯಂತ್ರ ಇನ್ನೆರಡು ವರ್ಷ ನಡೆದು, ಬಳಿಕ ಅದರಿಂದ ಏನೂ ಬರುವುದಿಲ್ಲವೆಂದೇ ಹಿಡಿದರೂ, ಬಿಟ್ಟುಕೊಟ್ಟ 4,000 ಮತ್ತು ಕೊಟ್ಟ 6,000 ಸೇರಿ ವರ್ಷಕ್ಕೆ 5,000 ರೂಪಾಯಿ ಆಗುತ್ತದೆ. ಹೊಸತರ ವಾರ್ಷಿಕ ವೆಚ್ಚಕ್ಕಿಂತ ಇದು ಕಡಿಮೆ. ದುರಸ್ತಿಗೆ 12,000 ಕೇಳಿದರೆ ವರ್ಷಕ್ಕೆ 8,000 ಆಗಿ ಲೆಕ್ಕ ತಿರುಗಿಬೀಳುತ್ತದೆ. ಸವಕಳಿಯ ದರವನ್ನು ಪ್ರತಿಯೊಬ್ಬರೂ ತಮ್ಮ ಬಳಕೆಗೆ ತಕ್ಕಂತೆ ಹಾಕಿಕೊಳ್ಳಬಹುದು. ಕೇವಲ ಹೊಸ ಮಾದರಿ ಬಂದಿದೆ ಎಂಬ ಕಾರಣಕ್ಕೆ ಹಳೆಯದನ್ನು ಕೆಟ್ಟಿದ್ದರ ಲೆಕ್ಕಕ್ಕೆ ಸೇರಿಸುವುದು ಮಾತ್ರ ಸರಿಯಾದ ಲೆಕ್ಕವಲ್ಲ.

ಇನ್ನೊಂದು ಬಗೆಯ ಸವಕಳಿಯಿದೆ. ಯಂತ್ರವು ಚೆನ್ನಾಗಿದ್ದರೂ ತಯಾರಕರು ಅದರ ಅಂತರಜಾಲ ಸೇವೆಯನ್ನು ನಿಲ್ಲಿಸುತ್ತಾರೆ. ನಿಂಟೆಂಡೊ 3ಡಿಎಸ್ ಮತ್ತು ವೀ ಯು ಯಂತ್ರಗಳ ಆಟದ ಮಳಿಗೆಯು 2023ರ ಮಾರ್ಚ್ ತಿಂಗಳಿನಲ್ಲಿಯೂ, ಎಕ್ಸ್‌ಬಾಕ್ಸ್ 360ರ ಮಳಿಗೆಯು 2024ರ ಜುಲೈ ತಿಂಗಳಿನಲ್ಲಿಯೂ ಮುಚ್ಚಲ್ಪಟ್ಟವು. ಹಳೆಯ ಯಂತ್ರವನ್ನು ಕೊಳ್ಳುವವರು ಇದನ್ನು ವಿಚಾರಿಸಿಕೊಂಡೇ ಬೆಲೆ ಕಟ್ಟಬೇಕು.

ದುರಸ್ತಿಗೆ ಕೊಡುವಾಗ

ವಾರಂಟಿ ಅವಧಿಯೊಳಗಿದ್ದಲ್ಲಿ ಯಾವುದೇ ಕಾರಣಕ್ಕೂ ಯಂತ್ರವನ್ನು ಹೊರಗಿನವರಿಂದ ಬಿಚ್ಚಿಸಬಾರದು. ಅಧಿಕೃತ ಸೇವಾ ಕೇಂದ್ರದ ದೂರವಾಣಿಯನ್ನು ಯಂತ್ರದ ಪೆಟ್ಟಿಗೆಯ ಮೇಲೆ ಅಥವಾ ತಯಾರಕರ ಜಾಲತಾಣದಲ್ಲಿ ನೋಡಿಯೇ ಕರೆ ಮಾಡತಕ್ಕದ್ದು. ಅಂತರಜಾಲದಲ್ಲಿ ಹುಡುಕಿದಾಗ ಸಿಗುವ ಸಂಖ್ಯೆಗಳಲ್ಲಿ ವಂಚಕರವೂ ಇರುತ್ತವೆ. ಮುಂಗಡ ಹಣ ಅಥವಾ ಒಟಿಪಿ ಕೇಳಿದಲ್ಲಿ ಕೂಡಲೇ ಕರೆಯನ್ನು ಕಡಿದು, ಹಣ ಹೋಗಿದ್ದರೆ 1930 ಸಂಖ್ಯೆಗೆ ತಿಳಿಸಬೇಕು. ಯಂತ್ರವನ್ನು ಕೊರಿಯರ್ ಮೂಲಕ ಹೊರ ಊರಿಗೆ ಕಳುಹಿಸಬೇಕಾಗಿ ಬಂದಾಗ, ನಾಲ್ಕೂ ಕಡೆಯಿಂದ ಹಾಗೂ ಸೀರಿಯಲ್ ಸಂಖ್ಯೆ ಕಾಣುವಂತೆ ಛಾಯಾಚಿತ್ರ ತೆಗೆದು, ರವಾನೆಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ವಾರಂಟಿ ಮುಗಿದ ಯಂತ್ರಗಳನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಂತಹ ಕಡೆಗಳಲ್ಲಿ ಸ್ಥಳೀಯ ದುರಸ್ತಿಗಾರರಿಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಕಮಲಾಪುರದಿಂದ ಬರುವವರಿಗೆ ಒಂದು ಸಲಕ್ಕೆ ಅರ್ಧ ದಿನವೇ ಹೋಗುವುದರಿಂದ, ಮೊದಲೇ ದೂರವಾಣಿಯಲ್ಲಿ ದೋಷದ ಲಕ್ಷಣಗಳನ್ನು ತಿಳಿಸಿ ಬರುವುದು ಅನುಕೂಲ. ಯಂತ್ರವನ್ನು ಒಪ್ಪಿಸುವಾಗ ಸೀರಿಯಲ್ ಸಂಖ್ಯೆ, ದೋಷ, ಅಂದಾಜು ವೆಚ್ಚ ಹಾಗೂ ಮರಳಿಸುವ ದಿನಾಂಕವನ್ನು ನಮೂದಿಸಿದ ಚೀಟಿಯನ್ನು ಕೇಳಿ ಪಡೆಯಬೇಕು. ಬದಲಿಸಿದ ಹಳೆಯ ಭಾಗಗಳನ್ನೂ ಮರಳಿ ಪಡೆಯಬೇಕು. ಇದು ಬರೀ ಅನುಮಾನದ ಮಾತಲ್ಲ: ಪ್ಲೇಸ್ಟೇಷನ್ 4ರಲ್ಲಿ ಡಿಸ್ಕ್ ಡ್ರೈವಿನ ಸಣ್ಣ ಬೋರ್ಡು ಅದೇ ಯಂತ್ರದ ಮದರ್‌ಬೋರ್ಡಿಗೆ ಜೋಡಿಯಾಗಿರುತ್ತದೆ. ಆ ಬೋರ್ಡು ಕಳೆದುಹೋದರೆ ಬೇರೆ ಡ್ರೈವ್ ಹಾಕಿದರೂ ಡಿಸ್ಕ್ ಓದುವುದಿಲ್ಲ. ಖಾತೆಯಲ್ಲಿ ಬ್ಯಾಂಕ್ ಕಾರ್ಡಿನ ವಿವರಗಳಿದ್ದಲ್ಲಿ ಅವನ್ನು ತೆಗೆದುಹಾಕಿ, ಆಟದ ಉಳಿತಾಯ ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟು ಕೊಡುವುದು ಕ್ಷೇಮ.

ಕಾನೂನು ಏನು ಹೇಳುತ್ತದೆ

1986ರ ಅಧಿನಿಯಮದ ಬದಲಾಗಿ ಬಂದ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ದಿನಾಂಕ 20-07-2020ರಿಂದ ಜಾರಿಯಲ್ಲಿದೆ. ದೋಷಯುಕ್ತ ಸರಕು ಮಾತ್ರವಲ್ಲದೆ ದುರಸ್ತಿ ಸೇವೆಯಲ್ಲಿನ ನ್ಯೂನತೆಯೂ ಇದರ ವ್ಯಾಪ್ತಿಗೆ ಬರುತ್ತದೆ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ ಆಗಿರುವುದರಿಂದ, ತಂದೆ ಕೊಡಿಸಿದ ಯಂತ್ರದ ಬಗ್ಗೆ ಪ್ರಾಪ್ತವಯಸ್ಕನಾದ ಮಗನು ದೂರು ಸಲ್ಲಿಸಬಹುದು. ಮಾರಾಟಗಾರರ ಕಚೇರಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಲು ಅವಕಾಶವಿದ್ದು, ಕಮಲಾಪುರ ತಾಲ್ಲೂಕಿನವರು ಕಲಬುರಗಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವನ್ನು ಸಂಪರ್ಕಿಸಬೇಕು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಗಳನ್ನು ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳಲೇಬೇಕೆಂದಿಲ್ಲ. ವ್ಯಾಜ್ಯದ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಕೆಯಾಗಿರತಕ್ಕದ್ದು.

ಆಯೋಗಕ್ಕೆ ಹೋಗುವ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡುವುದು ಒಳ್ಳೆಯದು. ಆನ್‌ಲೈನ್ ಮೂಲಕ ಕೊಂಡಿದ್ದರೆ, 2020ರ ಇ-ವಾಣಿಜ್ಯ ನಿಯಮಗಳ ಅನ್ವಯ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿರುವುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕಾಗುತ್ತದೆ. ಆಯೋಗದಲ್ಲಿ, ಸರಕಿನ ಪರೀಕ್ಷೆ ಅಗತ್ಯವಿಲ್ಲದ ದೂರನ್ನು ಎದುರುದಾರರಿಗೆ ನೋಟಿಸು ತಲುಪಿದ ಮೂರು ತಿಂಗಳೊಳಗೂ, ಪ್ರಯೋಗಾಲಯದ ಪರೀಕ್ಷೆ ಬೇಕಾದುದನ್ನು ಐದು ತಿಂಗಳೊಳಗೂ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದು ಅಧಿನಿಯಮವು ಹೇಳುತ್ತದೆ. ಯಂತ್ರವನ್ನು ಈ ಮೊದಲೇ ಹತ್ತು ಕೈಗಳು ಬಿಚ್ಚಿದ್ದರೆ ತಯಾರಿಕೆಯ ದೋಷವನ್ನು ಪ್ರಯೋಗಾಲಯದಲ್ಲಿ ಸಾಬೀತುಪಡಿಸುವುದು ಕಷ್ಟ.

ಗೇಮ್ ಸೆಂಟರ್ ನಡೆಸುವವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ವಾಣಿಜ್ಯ ಉದ್ದೇಶಕ್ಕಾಗಿ ಸರಕನ್ನು ಕೊಂಡವರು ಈ ಅಧಿನಿಯಮದಡಿ ಗ್ರಾಹಕರೆನಿಸುವುದಿಲ್ಲ. ಹಾಗಾದರೆ, ಕಮಲಾಪುರದ ಬಸ್ ನಿಲ್ದಾಣದ ಬಳಿ ಸಣ್ಣ ಕೊಠಡಿಯನ್ನು ಬಾಡಿಗೆಗೆ ಹಿಡಿದು, ಸಾಲ ಮಾಡಿ ತಂದ ಎರಡು ಯಂತ್ರಗಳನ್ನು ಗಂಟೆಗಿಷ್ಟು ಎಂದು ಆಡಲು ಕೊಟ್ಟು ಜೀವನ ಸಾಗಿಸುವ ಯುವಕನೊಬ್ಬನ ಗತಿ ಏನು? ಎರಡರಲ್ಲಿ ಒಂದು ಯಂತ್ರ ನಿಂತರೆ ಅವನ ಸಂಪಾದನೆ ಅರ್ಧಕ್ಕೆ ಇಳಿಯುತ್ತದೆ, ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ಇಂತಹವರಿಗಾಗಿಯೇ ಅಧಿನಿಯಮದಲ್ಲಿ ವಿವರಣೆಯೊಂದನ್ನು ಸೇರಿಸಲಾಗಿದೆ: ಸ್ವಯಂ ಉದ್ಯೋಗದ ಮೂಲಕ ಕೇವಲ ತನ್ನ ಜೀವನೋಪಾಯಕ್ಕಾಗಿ ಕೊಂಡು ತಾನೇ ಬಳಸುವ ಸರಕು ವಾಣಿಜ್ಯ ಉದ್ದೇಶದ್ದೆನಿಸುವುದಿಲ್ಲ. ಹಳೆಯ ಅಧಿನಿಯಮದಲ್ಲಿಯೂ ಇದ್ದ ಈ ವಿವರಣೆಯನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ವಿಶದಪಡಿಸಿ, ತಾನೇ ಓಡಿಸಲು ಆಟೋರಿಕ್ಷಾ ಕೊಂಡವನು ಗ್ರಾಹಕನೇ ಎಂದೂ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಸ್ಥಾನ ತಪ್ಪುವುದಿಲ್ಲವೆಂದೂ ಹೇಳಿದೆ. ಪ್ರತಿಯೊಂದು ಪ್ರಕರಣವೂ ಅದರದರ ಸಂಗತಿಗಳನ್ನು ಅವಲಂಬಿಸಿರುವುದರಿಂದ, ಯಂತ್ರವನ್ನು ತಾನೇ ನಡೆಸುತ್ತಿರುವುದಾಗಿಯೂ ಬೇರೆ ಜೀವನಾಧಾರ ಇಲ್ಲವೆಂದೂ ದೂರಿನಲ್ಲಿ ಸ್ಪಷ್ಟವಾಗಿ ನಮೂದಿಸಿ, ಖರೀದಿ ಬಿಲ್ಲು, ಬಾಡಿಗೆ ಕರಾರು ಮತ್ತು ಸಾಲದ ಕಾಗದಗಳನ್ನು ಲಗತ್ತಿಸಬೇಕು. ನಗರದಲ್ಲಿ ಹತ್ತಾರು ಯಂತ್ರಗಳನ್ನಿಟ್ಟು ಸಂಬಳದ ನೌಕರರಿಂದ ನಡೆಸುವವರಿಗೆ ಈ ರಕ್ಷಣೆ ದೊರೆಯುವುದು ಕಷ್ಟ. ಅವರು ಯಂತ್ರಗಳಿಗೆ ವಿಮೆ ಮಾಡಿಸುವುದು ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವುದು ಉಚಿತ.

ಬಿಲ್ಲು ಇಲ್ಲದಿದ್ದರೆ ಮೇಲಿನ ಹಕ್ಕುಗಳನ್ನು ಸಾಧಿಸುವುದು ದುಸ್ತರ. ಬಿಲ್ಲು ಕೊಡದಿರುವುದನ್ನು ಅಧಿನಿಯಮವು ಅನುಚಿತ ವ್ಯಾಪಾರ ಪದ್ಧತಿಯೆಂದೇ ಪರಿಗಣಿಸುತ್ತದೆ. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ ಮತ್ತು ಗರಿಷ್ಠ ಮಾರಾಟ ಬೆಲೆ ಇದೆಯೇ ಎಂದು ನೋಡಬೇಕು. ವಿಡಿಯೋ ಗೇಮ್ ಯಂತ್ರಗಳು 2012ರ ಕಡ್ಡಾಯ ನೋಂದಣಿ ಆದೇಶದ ಮೊದಲ ಪಟ್ಟಿಯಲ್ಲಿಯೇ ಸೇರಿದ್ದು, ಅವುಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಹಾಗೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ಪರಿಶೀಲಿಸಬಹುದು. ಪರಿಚಿತರಿಂದ ಖಾಸಗಿಯಾಗಿ ಕೊಂಡ ಹಳೆಯ ಯಂತ್ರಕ್ಕೆ ಈ ಅಧಿನಿಯಮದ ನೆರವು ಸಿಗುವುದಿಲ್ಲ, ಏಕೆಂದರೆ ಮಾರಿದವರು ವ್ಯಾಪಾರಿಗಳಲ್ಲ.

ವಿಲೇವಾರಿ

ದುರಸ್ತಿಗೆ ಮೀರಿದ ಯಂತ್ರವನ್ನು ಬಹಳಷ್ಟು ಜನರು ಭಂಗಾರ್ ಅಂಗಡಿಗೆ ಹಾಕುತ್ತಾರೆ. ಈ ಭಂಗಾರದಲ್ಲಿ ನಿಜವಾದ ಬಂಗಾರವೂ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಬೋರ್ಡಿನ ಸಂಪರ್ಕ ಪಟ್ಟಿಗಳಿಗೆ ಅದರ ಲೇಪವಿರುತ್ತದೆ. ಅದನ್ನೂ ತಾಮ್ರವನ್ನೂ ಬಿಡಿಸಲು ತಂತಿಗಳನ್ನು ಬಯಲಿನಲ್ಲಿ ಸುಡುವುದು, ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವುದು ನಡೆಯುತ್ತದೆ. ಹಳೆಯ ಯಂತ್ರಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ಸೀಸದ ಹೊಗೆ ಹಾಗೂ ಧೂಳು ಮೊದಲು ಬಾಧಿಸುವುದು ಆ ಕೆಲಸ ಮಾಡುವವರನ್ನು ಮತ್ತು ಅವರ ಮನೆಯ ಮಕ್ಕಳನ್ನು. 2022ರಲ್ಲಿ ಜಗತ್ತಿನಾದ್ಯಂತ 6.2 ಕೋಟಿ ಟನ್ ಇ-ತ್ಯಾಜ್ಯ ಉತ್ಪತ್ತಿಯಾಗಿದ್ದು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯು ತಿಳಿಸಿದೆ.

ಭಾರತದಲ್ಲಿ 2011 ಮತ್ತು 2016ರ ಇ-ತ್ಯಾಜ್ಯ ನಿಯಮಗಳು ಮುಖ್ಯವಾಗಿ ಗಣಕಯಂತ್ರ, ದೂರವಾಣಿ, ಟಿ.ವಿ., ಫ್ರಿಜ್ ಮುಂತಾದವುಗಳಿಗೆ ಸೀಮಿತವಾಗಿದ್ದವು. ದಿನಾಂಕ 01-04-2023ರಿಂದ ಜಾರಿಗೆ ಬಂದ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ಆಟಿಕೆ, ಮನರಂಜನೆ ಮತ್ತು ಕ್ರೀಡಾ ಸಾಧನಗಳನ್ನೂ ಒಳಗೊಂಡಿದ್ದು, ವಿಡಿಯೋ ಗೇಮ್ ಯಂತ್ರಗಳು ಈ ವರ್ಗದಲ್ಲಿ ಬರುತ್ತವೆ. ಇದರಿಂದ ಅವುಗಳ ಉತ್ಪಾದಕರೂ ಆಮದುದಾರರೂ ಮರುಬಳಕೆಯ ಹೊಣೆ ಹೊರಬೇಕಾಗಿದ್ದು, ಗುರಿಯು 2023-24ರಲ್ಲಿ ಶೇಕಡಾ 60, 2025-26ರಿಂದ ಶೇಕಡಾ 70 ಹಾಗೂ 2027-28ರಿಂದ ಶೇಕಡಾ 80 ಎಂದು ನಿಗದಿಯಾಗಿದೆ. ಆದುದರಿಂದ ಗ್ರಾಹಕರು ಮೊದಲು ತಯಾರಕರ ಜಾಲತಾಣದಲ್ಲಿ ಹಳೆಯ ಯಂತ್ರವನ್ನು ಹಿಂಪಡೆಯುವ ವ್ಯವಸ್ಥೆಯನ್ನು ವಿಚಾರಿಸಬೇಕು. ನೋಂದಾಯಿತ ಮರುಬಳಕೆದಾರರ ಪಟ್ಟಿಯು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿದ್ದು, ಮಾಹಿತಿಗಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲಬುರಗಿ ಪ್ರಾದೇಶಿಕ ಕಚೇರಿಯನ್ನೂ ಸಂಪರ್ಕಿಸಬಹುದು. ಒಂದೇ ಯಂತ್ರಕ್ಕಾಗಿ ಯಾರೂ ಕಮಲಾಪುರದವರೆಗೆ ಬರಲಾರರು ಎಂಬುದು ನಿಜ. ಓಣಿಯ ನಾಲ್ಕಾರು ಮನೆಯವರು ಹಳೆಯ ಮೊಬೈಲ್, ಚಾರ್ಜರ್, ರೇಡಿಯೋಗಳನ್ನೂ ಒಟ್ಟುಗೂಡಿಸಿ ನಗರಕ್ಕೆ ತಂದರೆ ಕೆಲಸ ಹಗುರವಾಗುತ್ತದೆ. ಕೊಡುವ ಮುನ್ನ ಒಳಗೆ ಸಿಕ್ಕಿರುವ ಡಿಸ್ಕನ್ನು ಹೊರತೆಗೆದು, ಯಂತ್ರವು ಹೊತ್ತಿಕೊಳ್ಳುವ ಸ್ಥಿತಿಯಲ್ಲಿದ್ದರೆ ಖಾತೆಯನ್ನು ತೆಗೆದು ಮಾಹಿತಿಯನ್ನು ಪೂರ್ಣವಾಗಿ ಅಳಿಸಬೇಕು.

ಕಂಟ್ರೋಲರ್ ಹಾಗೂ ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಬ್ಯಾಟರಿ ಉಬ್ಬಿ ಹೊರಕವಚವು ಬಿರಿದಿರುವುದು ಕಂಡುಬಂದಲ್ಲಿ ಚಾರ್ಜ್ ಮಾಡುವುದನ್ನು ಆ ಕ್ಷಣವೇ ನಿಲ್ಲಿಸಬೇಕು. ಅದನ್ನು ಒತ್ತುವುದಾಗಲಿ, ಚುಚ್ಚುವುದಾಗಲಿ, ಒಲೆಗೆ ಎಸೆಯುವುದಾಗಲಿ ಸಲ್ಲದು. ಕಸದ ವಾಹನದಲ್ಲಿ ಹಸಿ ಅಥವಾ ಒಣ ಕಸದೊಂದಿಗೆ ಬೆರೆಸಿ ಹಾಕಿದರೆ, ಒತ್ತಡಕ್ಕೆ ಸಿಕ್ಕಿ ಬೆಂಕಿ ಹೊತ್ತಿಕೊಂಡು ಪೌರಕಾರ್ಮಿಕರಿಗೆ ಅಪಾಯವಾಗುವ ಸಂಭವವಿದೆ. ಇಂತಹ ಬ್ಯಾಟರಿಯನ್ನು ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಮಕ್ಕಳ ಕೈಗೆ ಸಿಗದಂತೆ, ಬಿಸಿಲು ಬೀಳದ ಕಡೆ ಇರಿಸಿ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಡಿ ನೋಂದಾಯಿತರಾದವರಿಗೆ ತಲುಪಿಸತಕ್ಕದ್ದು.